ಉಪದೇಶಕ್ಕೆ ಎಕೋ ಏಕೆ?

ಕಳೆದ ವರ್ಷ ನಮ್ಮ ನೆರೆಯ ಜಮಾಅತ್ ಒಂದರಲ್ಲಿ ಮೂರು ದಿನಗಳ ಧಾರ್ಮಿಕ ಪ್ರವಚನ ಏರ್ಪಾಡಾಗಿತ್ತು. ಎರಡನೆಯ ರಾತ್ರಿಯ ವಿಷಯ ವಾರಸು ಹಕ್ಕು. ಮೊಣಕಾಲು ನೋವಿನ ಕಾರಣ ನನ್ನ ಉಮ್ಮ ರಾತ್ರಿಯ ಕಾರ್ಯಕ್ರಮಗಳಿಗೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಆದರೂ ಅಂದು ತಮ್ಮ ತಂಗಿಯನ್ನು ಜೊತೆಗೆ ಕರೆದುಕೊಂಡು ಹೊರಟರು. ಅದಕ್ಕೆ ಕಾರಣವಿತ್ತು. ಅಜ್ಜ ತೀರಿಕೊಂಡ ಬಳಿಕ ಮನೆ ಮತ್ತು ತೋಟದ ಪಾಲು ಇನ್ನೂ ಆಗಿಲ್ಲ. "ಮದುವೆಗೆ ಚಿನ್ನ ಕೊಟ್ಟಾಗಿದೆ, ಇನ್ನು ಹೆಣ್ಣುಮಕ್ಕಳಿಗೆ ಏನು ಪಾಲು?" ಎಂಬ ಮಾತು ಕುಟುಂಬದೊಳಗೆ ವರ್ಷಗಳಿಂದ ಓಡಾಡುತ್ತಿದೆ. ನಾನು ಮಸ್‌ಅಲ ಹೇಳಿದರೆ ಮಗ ತಾಯಿಯ ಪಕ್ಷ ವಹಿಸಿದನೆಂಬ ಆಕ್ಷೇಪ ಬರುತ್ತದೆ. ಆದುದರಿಂದ ಹೊರಗಿನಿಂದ ಬಂದ ವಿದ್ವಾಂಸರ ಬಾಯಿಂದಲೇ, ಹತ್ತು ಜನರೆದುರು ಅದನ್ನು ಕೇಳಬೇಕೆಂಬುದು ಅವರಿಬ್ಬರ ಆಸೆಯಾಗಿತ್ತು.

ನಾನು ವೇದಿಕೆಯ ಮುಂದೆಯೇ ಕುಳಿತಿದ್ದೆ. ವಿದ್ವಾಂಸರು ಎಳ್ಳಷ್ಟೂ ಸಂದಿಗ್ಧವಿಲ್ಲದಂತೆ ವಿವರಿಸಿದರು: ತಂದೆ ಬದುಕಿದ್ದಾಗ ಮಗಳಿಗೆ ಕೊಟ್ಟ ಚಿನ್ನ ಕೊಡುಗೆ, ತಂದೆ ಮರಣ ಹೊಂದಿದ ಮೇಲೆ ಉಳಿದ ಆಸ್ತಿಯಲ್ಲಿ ಆಕೆಗಿರುವುದು ಅಲ್ಲಾಹನು ನಿಗದಿಪಡಿಸಿದ ಪಾಲು, ಮೊದಲನೆಯದರಿಂದ ಎರಡನೆಯದು ಹೋಗುವುದಿಲ್ಲ. ನನ್ನ ಮನಸ್ಸು ತುಂಬಿ ಬಂತು. ಮನೆಗೆ ಮರಳಿದಾಗ ಉಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಉಸ್ತಾದರ ದನಿ ಬಹಳ ಚೆನ್ನಾಗಿತ್ತು ಮೋನೇ. ಆದರೆ ಅವರು ಕೊನೆಗೆ ಹೇಳಿದ್ದೇನು?" ಎಂದರು. ಚಿಕ್ಕಮ್ಮ ತಲೆ ತಗ್ಗಿಸಿ, "ಹೇಳಿದರಲ್ಲ, ಚಿನ್ನ ಕೊಟ್ಟ ಮೇಲೆ ಹಕ್ಕು ಹೋಗುತ್ತದೆಯಂತೆ" ಎಂದರು.

ನಾನು ಸ್ತಂಭೀಭೂತನಾದೆ. ಒಂದೇ ವಾಕ್ಯ, ಒಂದೇ ಧ್ವನಿವರ್ಧಕ; ಪುರುಷರ ಕಡೆ 'ಹೋಗುವುದಿಲ್ಲ' ಎಂದು ಕೇಳಿದ್ದು, ಮದ್ರಸ ಕಟ್ಟಡದ ಕೆಳ ಅಂತಸ್ತಿನಲ್ಲಿ ಕುಳಿತ ಸ್ತ್ರೀಯರಿಗೆ 'ಹೋಗು... ಹೋಗು... ಹೋಗು...' ಎಂದು ಕೇಳಿಸಿತ್ತು. ಅವರ ಕಿವಿಗೆ ತಲುಪದೆ ಉಳಿದದ್ದು 'ಇಲ್ಲ' ಎಂಬ ಎರಡಕ್ಷರ. ಆ ಎರಡಕ್ಷರದಲ್ಲಿಯೇ ಶರೀಅತ್‌ನ ತೀರ್ಪಿತ್ತು.

ಅದನ್ನು ನುಂಗಿದ್ದು ಯಾವುದೆಂದು ವಿಚಾರಿಸಲು ಹೊರಟವನಿಗೆ ಸಿಕ್ಕಿದ ಉತ್ತರ ಬಹಳ ಸಣ್ಣದು. ವೇದಿಕೆಯ ಪಕ್ಕದ ಮೇಜಿನ ಮೇಲಿದ್ದ ಮಿಕ್ಸರ್‌ನಲ್ಲಿ ಹೆಬ್ಬೆರಳಿನ ತುದಿಯಷ್ಟು ಗಾತ್ರದ ಒಂದು ನಾಬ್. ಅದರ ಹೆಸರು ಎಕೋ.

ಈ ಲೇಖನದಲ್ಲಿ ನಾನು ಹೇಳಬಯಸುವುದು ಇಷ್ಟೇ. ಖುತ್ಬಾ, ಧರ್ಮೋಪದೇಶ ಮತ್ತು ಕುರ್‌ಆನ್ ಪಾರಾಯಣಕ್ಕೆ ಎಕೋ ಹಾಕುವ ರೂಢಿಯನ್ನು ನಾವು ನಿಲ್ಲಿಸಬೇಕು. ಇದು ಫತ್ವಾ ಅಲ್ಲ. ಫತ್ವಾ ಕೊಡುವ ಯೋಗ್ಯತೆಯೂ ನನಗಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಒಬ್ಬ ಅಧ್ಯಾಪಕನ ತಕರಾರು.

ಆ ಮೇಜಿನ ಮೇಲೆ ನಡೆಯುವುದೇನು?

ನಮ್ಮ ಮೈಕ್ ಸೆಟ್‌ನ ಹುಡುಗನು ಒಂದು ಕಾಲದಲ್ಲಿ ನನ್ನ ಬಳಿಯೇ ಅಲಿಫ್ ಕಲಿತವನು. ಒಂದು ಮಧ್ಯಾಹ್ನ ಮದ್ರಸ ಬಿಟ್ಟ ಮೇಲೆ ಅವನು ತನ್ನ ಯಂತ್ರವನ್ನು ಬೆಂಚಿನ ಮೇಲಿಟ್ಟು ನನಗೆ ಪಾಠ ಮಾಡಿದನು. ಗುರು ಶಿಷ್ಯನಾದ ಆ ಒಂದು ಗಂಟೆಯಲ್ಲಿ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮಿಕ್ಸರ್ ಎಂಬುದು ಹಲವು ತೊರೆಗಳು ಬಂದು ಸೇರುವ ಹಳ್ಳದ ಹಾಗೆ. ಪ್ರತಿಯೊಂದು ಮೈಕ್‌ಗೂ ಅದರಲ್ಲಿ ಒಂದೊಂದು ಸಾಲಿದೆ. ಸಾಲಿನ ತುದಿಯಲ್ಲಿರುವುದು ಗೇನ್. ಮೈಕ್‌ನಿಂದ ಬರುವ ಅತಿ ಕ್ಷೀಣವಾದ ವಿದ್ಯುತ್ತನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. ಅದನ್ನು ಅತಿಯಾಗಿ ತಿರುಗಿಸಿದರೆ ಪಕ್ಕದ ಕೆಂಪು ದೀಪ ಹೊಳೆಯುತ್ತದೆ, ಮಾತು ಒಡೆಯುತ್ತದೆ. ಅದರ ಕೆಳಗೆ ಧ್ವನಿಯ ಏರು, ನಡು ಮತ್ತು ತಗ್ಗು ಅಂಶಗಳನ್ನು ಹೆಚ್ಚು ಕಡಿಮೆ ಮಾಡುವ ಮೂರು ನಾಬ್‌ಗಳು. ಅವುಗಳ ಕೆಳಗೆ ಎಫೆಕ್ಟ್ ನಾಬ್. ಕೊನೆಯಲ್ಲಿ ಮೇಲೆ ಕೆಳಗೆ ಜಾರುವ ಫೇಡರ್. ಎಲ್ಲ ಸಾಲುಗಳೂ ಕೂಡಿ ಮುಖ್ಯ ಫೇಡರ್‌ಗೆ ಬಂದು, ಅಲ್ಲಿಂದ ಆಂಪ್ಲಿಫೈಯರ್‌ಗೂ ಬಾಕ್ಸ್‌ಗಳಿಗೂ ಹೋಗುತ್ತವೆ.

ಎಫೆಕ್ಟ್ ನಾಬ್ ಮಾಡುವ ಕೆಲಸ ವಿಚಿತ್ರವಾದದ್ದು. ಅದು ಮಾತಿನ ಒಂದು ಪ್ರತಿಯನ್ನು ಯಂತ್ರದೊಳಗಿನ ಸಂಸ್ಕರಣಾ ಘಟಕಕ್ಕೆ ಕಳುಹಿಸುತ್ತದೆ. ಘಟಕವು ಆ ಪ್ರತಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಅನಂತರ ಮೂಲ ಧ್ವನಿಯೊಡನೆ ಬೆರೆಸಿ ಹೊರಬಿಡುತ್ತದೆ. ಒಮ್ಮೆ ಮಾತ್ರವಲ್ಲ; ಪ್ರತಿಯ ಪ್ರತಿ, ಅದರ ಪ್ರತಿ ಎಂಬಂತೆ ಕುಂದುತ್ತಾ ಹೋಗುವವರೆಗೆ. ಬಿಡಿಬಿಡಿಯಾಗಿ ಮರುಕಳಿಸಿದರೆ ಅದು ಎಕೋ. ಸಾವಿರಾರು ಮರುಕಳಿಕೆಗಳು ಒಂದಕ್ಕೊಂದು ಅಂಟಿಕೊಂಡು ಗುಂಯ್‌ಗುಡುವಂತಾದರೆ ಅದು ರಿವರ್ಬ್.

ಈಗ ಒಂದು ಸರಳ ಲೆಕ್ಕವನ್ನು ನೋಡೋಣ. ಸಾಧಾರಣ ವೇಗದಲ್ಲಿ ಮಾತನಾಡುವವನು ಒಂದು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಉಚ್ಚರಿಸುತ್ತಾನೆ. ಅಂದರೆ ಒಂದಕ್ಷರಕ್ಕೆ ಸುಮಾರು 200 ಮಿಲಿಸೆಕೆಂಡು. ಎಕೋವನ್ನು 300 ಮಿಲಿಸೆಕೆಂಡಿಗೆ ಇಟ್ಟರೆ ಏನಾಗುತ್ತದೆ? ಹಿಂದಿನ ಅಕ್ಷರದ ನೆರಳು ಮುಂದಿನ ಅಕ್ಷರದ ಮೈಮೇಲೆ ಬಂದು ಬೀಳುತ್ತದೆ. ಎರಡನೆಯ ಮರುಕಳಿಕೆ ಅದರಾಚೆಯ ಅಕ್ಷರಗಳ ಮೇಲೆ ಬೀಳುತ್ತದೆ. ಮಾತಿನಲ್ಲಿ ಬಲವಾಗಿರುವುದು ಸ್ವರ. ಅರ್ಥವನ್ನು ಬೇರ್ಪಡಿಸುವುದು ವ್ಯಂಜನ. ಸ, ಶ, ತ, ಕ, ಫ ಮುಂತಾದವು ಕ್ಷಣಮಾತ್ರದಲ್ಲಿ ಮಿಂಚಿ ಮರೆಯಾಗುವ ದುರ್ಬಲ ಸದ್ದುಗಳು. ಹಿಂದಿನ ಸ್ವರದ ಗುಂಗು ಮೊದಲು ಮುಚ್ಚಿಹಾಕುವುದು ಇವನ್ನೇ. ಆದುದರಿಂದ ಎಕೋ ತುಂಬಿದ ಮಾತು ಜೋರಾಗಿ ಕೇಳಿಸುತ್ತದೆ, ಸ್ಪಷ್ಟವಾಗಿ ಕೇಳಿಸುವುದಿಲ್ಲ.

ಕನ್ನಡ ಓದಿದವನಾಗಿ ನಾನು ಇಲ್ಲಿ ಇನ್ನೊಂದು ಅಂಶವನ್ನು ಸೇರಿಸಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಯಲ್ಲಿ. ವಿಧಿಯೋ ನಿಷೇಧವೋ ಎಂಬುದು ಗೊತ್ತಾಗುವುದು ಆ ಕ್ರಿಯಾಪದದ ಬಾಲದಲ್ಲಿ. 'ಮಾಡಬೇಕು' ಮತ್ತು 'ಮಾಡಬಾರದು' ಎಂಬವುಗಳ ಮೊದಲ ಅಕ್ಷರಗಳು ಒಂದೇ. 'ಕೂಡುತ್ತದೆ' ಮತ್ತು 'ಕೂಡದು' ಹೊರಡುವುದು ಒಂದೇ ಬಾಗಿಲಿನಿಂದ. ಬ್ಯಾರಿ, ಮಲಯಾಳ, ಉರ್ದುಗಳಲ್ಲಿಯೂ ಕ್ರಿಯಾಪದದ ಸ್ಥಾನ ಕೊನೆಯೇ. ಅಂದರೆ ನಮ್ಮ ಭಾಷೆಗಳಲ್ಲಿ ಹಲಾಲ್-ಹರಾಮ್‌ಗಳ ಗಡಿ ಇರುವುದು ವಾಕ್ಯದ ತುದಿಯಲ್ಲಿ, ಉಪದೇಶಕನ ಉಸಿರು ತಗ್ಗುವ ಜಾಗದಲ್ಲಿ. ಎಕೋ ತನ್ನ ಗದ್ದಲವನ್ನು ಸುರಿಯುವುದೂ ಸರಿಯಾಗಿ ಅಲ್ಲಿಯೇ. ಚಿಕ್ಕಮ್ಮನ ಕಿವಿಯಲ್ಲಿ ಆದದ್ದು ಇದುವೇ.

ಗೋಡೆಗಳೂ ಮಾತನಾಡುತ್ತವೆ

ಪುರುಷರಿಗೆ ಕೇಳಿಸಿದ್ದು ಸ್ತ್ರೀಯರಿಗೆ ಏಕೆ ಕೇಳಿಸಲಿಲ್ಲ? ನಾವು ಕುಳಿತಿದ್ದು ತೆರೆದ ಮೈದಾನದ ಶಾಮಿಯಾನದಡಿಯಲ್ಲಿ. ಅಲ್ಲಿ ಶಬ್ದ ಹೊರಟುಹೋಗಲು ದಾರಿಯಿತ್ತು. ಅವರು ಕುಳಿತಿದ್ದು ಟೈಲ್ಸ್ ನೆಲ, ಗಾರೆ ಗೋಡೆ, ಗಾಜಿನ ಕಿಟಕಿಗಳಿರುವ ಕೋಣೆಯಲ್ಲಿ. ಅಂಥ ಕೋಣೆಯೇ ಒಂದು ಎಕೋ ಯಂತ್ರ. ಅದರೊಳಕ್ಕೆ ಮೊದಲೇ ಎಕೋ ಬೆರೆಸಿದ ಮಾತನ್ನು ಎರಡು ಬಾಕ್ಸ್‌ಗಳ ಮೂಲಕ ಸುರಿಯಲಾಗಿತ್ತು. ಗಂಜಿಗೆ ಮೊದಲೇ ಉಪ್ಪು ಹಾಕಿದ್ದಾಗಿದೆ. ಬಡಿಸುವವನೂ ಮತ್ತೊಂದು ಹಿಡಿ ಹಾಕಿದನು.

ಕಟ್ಟಡವು ಮಾತನ್ನು ಕೆಡಿಸುತ್ತದೆ ಎಂಬುದು ಲೋಕಕ್ಕೆ ತಿಳಿಯದ ಸಂಗತಿಯಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರಲ್ಲಿ ಹೊಸದಾಗಿ ಕಟ್ಟಿಸಿದ ಉಪನ್ಯಾಸ ಮಂದಿರವೊಂದು ಬಳಕೆಗೆ ಬಾರದಂತಾಗಿತ್ತು. ಅಲ್ಲಿ ಆಡಿದ ಮಾತು ಸುಮಾರು 5.5 ಸೆಕೆಂಡುಗಳ ಕಾಲ ಗುಂಗಿಡುತ್ತಿತ್ತು. ಅದರ ಕಾರಣ ಹುಡುಕಲು ನೇಮಿಸಲ್ಪಟ್ಟ ವಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕರು ರಾತ್ರಿಯ ನೀರವದಲ್ಲಿ ಕುರ್ಚಿಯ ಮೆತ್ತೆಗಳನ್ನು ತಂದು ತಂದು ಆ ಮಂದಿರದಲ್ಲಿಟ್ಟು, ಒಂದೊಂದು ಮೆತ್ತೆಯೂ ಎಷ್ಟೆಷ್ಟು ಗುಂಗನ್ನು ಹೀರುತ್ತದೆಂದು ಅಳೆದರು. ಕಟ್ಟಡಗಳ ಧ್ವನಿವಿಜ್ಞಾನ ಹುಟ್ಟಿದ್ದು ಹೀಗೆ. ಮಾತು ಅರ್ಥವಾಗಬೇಕಾದ ಕೋಣೆಯಲ್ಲಿ ಗುಂಗು ಸುಮಾರು ಒಂದು ಸೆಕೆಂಡನ್ನು ಮೀರಬಾರದೆಂಬುದು ಈಗ ಎಲ್ಲರೂ ಒಪ್ಪಿದ ಅಳತೆ. ಲೋಕದ ಎಂಜಿನಿಯರ್‌ಗಳು ನೂರು ವರ್ಷಗಳಿಂದ ಹಣ ಕೊಟ್ಟು ತೆಗೆಸುತ್ತಿರುವ ಗುಂಗನ್ನು ನಾವು ಹಣ ಕೊಟ್ಟು ಹಾಕಿಸುತ್ತಿದ್ದೇವೆ!

ನಮ್ಮ ನಾಡಿನಲ್ಲಿಯೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. ವಿಜಯಪುರದ ಗೋಳಗುಮ್ಮಟಕ್ಕೆ ಹೋದವರೆಲ್ಲರೂ ಮೇಲಿನ ಸುತ್ತುಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿ, ಅದು ಮತ್ತೆ ಮತ್ತೆ ಮರುಕಳಿಸುವುದನ್ನು ಕೇಳಿ ಬೆರಗಾಗಿದ್ದಾರೆ. ಸುಮಾರು 38 ಮೀಟರ್ ಅಗಲದ ಆ ಗುಮ್ಮಟದಡಿ ಮಕ್ಕಳು ತಮ್ಮ ಹೆಸರನ್ನು ಕೂಗಿ ಸಂತೋಷಪಡುತ್ತಾರೆ. ಆದರೆ ಅಲ್ಲಿ ಯಾರಾದರೂ ಪಾಠಶಾಲೆ ನಡೆಸಿದ್ದುಂಟೇ? ಅದು ಮುಹಮ್ಮದ್ ಆದಿಲ್ ಶಾಹನ ಗೋರಿ. ಗೋರಿಗೆ ಪ್ರತಿಧ್ವನಿ ಒಪ್ಪುತ್ತದೆ. ಬದುಕಿರುವವರಿಗೆ ದಾರಿ ತೋರಿಸಬೇಕಾದ ಮಿಂಬರ್‌ಗೆ ಅದು ಒಪ್ಪುವುದಿಲ್ಲ.

ಪ್ರವಾದಿ(ಸ)ರ ಮಾತಿನ ರೀತಿ

ಪ್ರವಾದಿ ಮುಹಮ್ಮದ್(ಸ)ರ ಮಾತು ಹೇಗಿತ್ತು ಎಂಬುದನ್ನು ಹಝ್ರತ್ ಆಯಿಷಾ(ರ) ನಮಗೆ ತಿಳಿಸಿಕೊಟ್ಟಿದ್ದಾರೆ. ಎಣಿಸಬಯಸುವವನು ಪದಗಳನ್ನು ಎಣಿಸಬಹುದಾದಷ್ಟು ಅದು ಬಿಡಿಬಿಡಿಯಾಗಿತ್ತು; ಕೇಳಿದವರಿಗೆಲ್ಲ ಅರ್ಥವಾಗುತ್ತಿತ್ತು. ಹಝ್ರತ್ ಅನಸ್(ರ)ರ ವರದಿಯಂತೆ, ಚೆನ್ನಾಗಿ ಮನದಟ್ಟಾಗಲೆಂದು ಪ್ರವಾದಿ(ಸ) ಒಂದು ಮಾತನ್ನು ಮೂರು ಬಾರಿ ಹೇಳುತ್ತಿದ್ದರು. ಗಮನಿಸಿ, ಅಲ್ಲಿಯೂ ಮರುಕಳಿಕೆ ಇದೆ. ಆದರೆ ಅದು ಒಂದು ಮಾತು ಮುಗಿದ ಮೇಲೆ ಬರುವ ಮರುಕಳಿಕೆ. ಒಂದರ ಮೇಲೊಂದು ಹೇರುವ ಮರುಕಳಿಕೆಯಲ್ಲ.

ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿಯೂ ದೂರದವರಿಗೆ ಮಾತು ತಲುಪಿಸುವ ವ್ಯವಸ್ಥೆಯಿತ್ತು. ಹಜ್ಜ್‌ನ ಸಂದರ್ಭದಲ್ಲಿ ಮಿನಾದಲ್ಲಿ ಪ್ರವಾದಿ(ಸ) ಭಾಷಣ ಮಾಡುತ್ತಿದ್ದಾಗ ಹಝ್ರತ್ ಅಲಿ(ರ) ಅದನ್ನು ಜನರಿಗೆ ತಲುಪಿಸುತ್ತಿದ್ದರು. ಪ್ರವಾದಿ(ಸ)ರ ಕೊನೆಯ ಕಾಯಿಲೆಯ ದಿನಗಳ ನಮಾಝ್‌ನಲ್ಲಿ ಅವರ ತಕ್ಬೀರನ್ನು ಹಿಂದಿನವರಿಗೆ ಕೇಳಿಸಿದವರು ಹಝ್ರತ್ ಅಬೂಬಕರ್(ರ). ಹೀಗೆ ತಲುಪಿಸುವವನನ್ನು ನಾವು ಮುಬಲ್ಲಿಗ್ ಎನ್ನುತ್ತೇವೆ. ಮುಬಲ್ಲಿಗನ ಗುಣವೇನು? ಕೇಳಿದ್ದನ್ನು ಕೂಡಿಸದೆ, ಕಳೆಯದೆ ಮುಂದಕ್ಕೆ ಕೊಡುವುದು. ಇಂದು ಆ ಸ್ಥಾನದಲ್ಲಿ ಕುಳಿತಿರುವವನು ಮಿಕ್ಸರ್‌ನ ಹುಡುಗ. ಅವನ ಕೈಯಲ್ಲಿರುವುದು ಅಮಾನತ್. ಆ ಅಮಾನತ್‌ಗೆ ತನ್ನದೊಂದು ಅಲಂಕಾರ ಸೇರಿಸಲು ಅವನಿಗೂ ಹಕ್ಕಿಲ್ಲ, ಸೇರಿಸೆಂದು ಅಪ್ಪಣೆ ಮಾಡಲು ಕಮಿಟಿಗೂ ಹಕ್ಕಿಲ್ಲ.

ಕುರ್‌ಆನ್ ಪಾರಾಯಣದ ವಿಷಯವಂತೂ ಇನ್ನೂ ಸೂಕ್ಷ್ಮ. ನಾವು ಮಕ್ಕಳಿಗೆ ವರ್ಷಗಟ್ಟಲೆ ತಜ್ವೀದ್ ಕಲಿಸುತ್ತೇವೆ. ನಾಲಗೆಯ ಬುಡದಿಂದ ಬರುವ ಖಾಫ್ ಬೇರೆ, ಅದರ ಮುಂದಿನಿಂದ ಬರುವ ಕಾಫ್ ಬೇರೆ. ಒಂದರಿಂದ ಹೃದಯ ಎಂಬ ಪದವಾದರೆ ಇನ್ನೊಂದರಿಂದ ನಾಯಿ ಎಂಬ ಪದವಾಗುತ್ತದೆ ಎಂದು ಹೇಳಿ ಹೇಳಿ ತಿದ್ದುತ್ತೇವೆ. ಮದ್ದ್ ಎಲ್ಲಿ ಎರಡು ಹರಕತ್, ಎಲ್ಲಿ ನಾಲ್ಕು, ಎಲ್ಲಿ ಆರು ಎಂದು ಬೆರಳು ಮಡಚಿ ಎಣಿಸುತ್ತೇವೆ. ಅದೇ ಮಗು ವೇದಿಕೆಯೇರಿ ಖಿರಾಅತ್ ಮಾಡಿದಾಗ ಯಂತ್ರವು ಎರಡು ಹರಕತ್ತಿನ ಅಕ್ಷರವನ್ನು ಎಂಟು ಹರಕತ್ತಿಗೆ ಎಳೆಯುತ್ತದೆ! ವಖ್ಫ್‌ನಲ್ಲಿ ಮಗು ನಿಲ್ಲುತ್ತದೆ, ಯಂತ್ರ ನಿಲ್ಲುವುದಿಲ್ಲ. ಆ ನಿಲುಗಡೆಯ ಮೌನವು ವ್ಯರ್ಥವಾದ ಬಿಡುವಲ್ಲ. ಕೇಳಿದ ಸೂಕ್ತದ ಅರ್ಥ ಮನಸ್ಸಿಗೆ ಇಳಿಯಲೆಂದು ಬಿಟ್ಟ ಜಾಗ. ಆ ಜಾಗವನ್ನು ಯಂತ್ರದ ಗುಂಗಿನಿಂದ ತುಂಬುವುದು ಯಾವ ತರ್ತೀಲ್?

ಮೂರು ಸಮರ್ಥನೆಗಳು

ಎಕೋ ಪರವಾಗಿ ಹೇಳುವ ಮಾತುಗಳನ್ನು ನಾನು ಬಲ್ಲೆ. ಅವುಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು, ಇಂಪಾದ ಧ್ವನಿ ಸುನ್ನತ್ ಅಲ್ಲವೇ ಎಂಬುದು. ಹೌದು. ಅಬೂ ಮೂಸಾ ಅಲ್ ಅಶ್‌ಅರೀ(ರ)ರ ಪಾರಾಯಣವನ್ನು ಕೇಳಿ ಪ್ರವಾದಿ(ಸ) ಅದನ್ನು ದಾವೂದ್(ಅ)ರ ಮಧುರ ಕಂಠಕ್ಕೆ ಹೋಲಿಸಿ ಮೆಚ್ಚಿದ್ದರು. ಆದರೆ ಮೆಚ್ಚಿದ್ದು ಕಂಠವನ್ನು. ಕಂಠದ ಹಿಂದಿದ್ದ ಭಕ್ತಿಯನ್ನು, ಅಭ್ಯಾಸವನ್ನು. ಸ್ನಾನದ ಕೋಣೆಯಲ್ಲಿ ಹಾಡಿದರೆ ಎಲ್ಲರ ದನಿಯೂ ಇಂಪಾಗಿಯೇ ಕೇಳಿಸುತ್ತದೆ. ಎಕೋ ಕೊಡುವ ಇಂಪು ಅದೇ ಜಾತಿಯದು. ಅದು ಶ್ರುತಿಯ ತಪ್ಪನ್ನು ಮುಚ್ಚುತ್ತದೆ, ಉಚ್ಚಾರದ ತಪ್ಪನ್ನೂ ಮುಚ್ಚುತ್ತದೆ. ತಪ್ಪು ಮುಚ್ಚಿಹೋದ ಮೇಲೆ ತಿದ್ದುವವರು ಯಾರು? ನಾತ್, ಮದ್‌ಹ್ ಹಾಡುಗಳಿಗೆ ಹದವರಿತು ಸ್ವಲ್ಪ ಹಾಕಿದರೆ ನನ್ನ ಜಗಳವಿಲ್ಲ. ಹಾಡು ಮುಗಿದು ಮಾತು ಶುರುವಾದೊಡನೆ ಅದನ್ನು ತೆಗೆಯಬೇಕು.

ಎರಡನೆಯದು, ಹರಮ್ ಶರೀಫ್‌ನ ಪಾರಾಯಣದಲ್ಲಿಯೂ ಗುಂಗು ಇದೆಯಲ್ಲ ಎಂಬುದು. ಮಸ್ಜಿದುಲ್ ಹರಾಮ್ ಲಕ್ಷಾಂತರ ಜನ ಸೇರುವ, ಅಮೃತಶಿಲೆ ಹಾಸಿದ ಮಹಾ ಆವರಣ. ಸಾವಿರಾರು ಸ್ಪೀಕರ್‌ಗಳನ್ನು ಅಲ್ಲಲ್ಲಿ ಅಳವಡಿಸಿರುವುದು ಪ್ರತಿಯೊಂದು ಮೂಲೆಗೂ ಹತ್ತಿರದಿಂದಲೇ ಮಾತು ತಲುಪಲೆಂದು. ಅಂಥ ಆವರಣದ ವಿಸ್ತಾರವನ್ನು ಇನ್ನೂರು ಜನ ಹಿಡಿಸುವ ನಮ್ಮ ಮಸೀದಿಯಲ್ಲಿ ನಾಬ್ ತಿರುಗಿಸಿ ತರಲು ಹೊರಡುವುದು, ಅಪ್ಪನ ಅಂಗಿ ತೊಟ್ಟ ಮಗು ತಾನು ದೊಡ್ಡವನಾದೆನೆಂದು ಭಾವಿಸಿದಂತೆ.

ಮೂರನೆಯದು, ಎಕೋ ಇಲ್ಲದಿದ್ದರೆ ಯುವಕರು ಬರುವುದಿಲ್ಲ, ಪರಿಣಾಮ ಆಗುವುದಿಲ್ಲ ಎಂಬುದು. ಈ ವಾದ ಮುಂದುವರಿದು ಈಗ ಎಲ್ಲಿಗೆ ತಲುಪಿದೆಯೆಂದರೆ, ಕೆಲವು ಸಭೆಗಳಲ್ಲಿ ಖಬರ್‌ನ ಶಿಕ್ಷೆಯನ್ನು ವರ್ಣಿಸುವಾಗ ಲ್ಯಾಪ್‌ಟಾಪ್‌ನಿಂದ ಗುಡುಗಿನ ಸದ್ದು, ಬೆಂಕಿಯ ಸದ್ದು, ಚೀತ್ಕಾರದ ಸದ್ದುಗಳನ್ನು ಮಿಕ್ಸರ್‌ಗೆ ಬಿಡುತ್ತಾರೆ. ಉಪದೇಶಕರು ದನಿ ಏರಿಸಿದಾಗ ಆಪರೇಟರ್ ಎಕೋ ಏರಿಸುತ್ತಾನೆ. ಮಕ್ಕಳು ಬೆಚ್ಚಿಬಿದ್ದು ತಾಯಿಯ ಮಡಿಲಿಗೆ ಮುಖ ಒತ್ತುತ್ತಾರೆ. ಜನ ಅಳುತ್ತಾರೆ. ಮರುದಿನ ಕೇಳಿದರೆ ಗುಡುಗು ನೆನಪಿದೆ, ಉಪದೇಶ ನೆನಪಿಲ್ಲ. ಸಾಲ ತೀರಿಸದೆ ಸತ್ತವನ ಸ್ಥಿತಿಯನ್ನು ಕುರಿತು ನನ್ನ ಗುರುಗಳು ಒಂದು ಲಾಂದ್ರದ ಬೆಳಕಿನಲ್ಲಿ ಮೆಲುದನಿಯಲ್ಲಿ ಹೇಳಿದ್ದನ್ನು ಕೇಳಿ, ಮರುದಿನ ಬೆಳಿಗ್ಗೆ ಅಂಗಡಿಯ ಬಾಕಿ ತೀರಿಸಲು ಓಡಿದವರನ್ನು ನಾನು ಬಾಲ್ಯದಲ್ಲಿ ನೋಡಿದ್ದೇನೆ. ಅಲ್ಲಾಹನ ಭಯ ಅರ್ಥದ ಮೂಲಕ ಬರಬೇಕು. ಸದ್ದಿನಿಂದ ಬರುವುದು ಬೆಚ್ಚುವಿಕೆ ಮಾತ್ರ. ಅದು ಪಟಾಕಿಯಿಂದಲೂ ಬರುತ್ತದೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ಮೀಲಾದ್ ವೇದಿಕೆ ಏರಿದಾಗಲೆಲ್ಲ ನಾನೇ ಆಪರೇಟರ್ ಕಡೆ ತಿರುಗಿ, "ಸ್ವಲ್ಪ ಎಕೋ ಹಾಕು" ಎಂದು ಕೈಸನ್ನೆ ಮಾಡುತ್ತಿದ್ದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು. ನಾನು ಇರುವುದಕ್ಕಿಂತ ದೊಡ್ಡ ವಿದ್ವಾಂಸನೆಂದು ಅನಿಸುತ್ತಿತ್ತು. ಎಕೋದ ನಿಜವಾದ ರುಚಿ ಇರುವುದು ಇಲ್ಲಿಯೇ. ಅದು ಶ್ರೋತೃಗಳಿಗಾಗಿ ಹಾಕುವುದಲ್ಲ, ವೇದಿಕೆಯ ಮೇಲಿರುವವನ ನಫ್ಸ್‌ಗಾಗಿ ಹಾಕುವುದು. ನನ್ನ ಶಿಷ್ಯನು ಆ ಮಧ್ಯಾಹ್ನ ನಗುತ್ತಾ ಹೇಳಿದ ಮಾತು ಈಗಲೂ ಚುಚ್ಚುತ್ತದೆ: "ನಾನು ಎಕೋ ಕಡಿಮೆ ಮಾಡಿದರೆ ಕಮಿಟಿಯವರು 'ಸೆಟ್ ಸರಿ ಇಲ್ಲ' ಎಂದು ಬಾಡಿಗೆ ಕಡಿಮೆ ಮಾಡುತ್ತಾರೆ ಉಸ್ತಾದ್. ಉಸ್ತಾದರುಗಳೇ ಕೇಳಿ ಹಾಕಿಸಿಕೊಳ್ಳುತ್ತಾರೆ. ನಾನೇನು ಮಾಡಲಿ?"

ಬೇಲಿಯಾಚೆಯವರ ಹಕ್ಕು

ಎಕೋದಿಂದ ಮಾತು ಮಸುಕಾದಾಗ ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ ಶಬ್ದ ಹೆಚ್ಚಿಸುವುದು. ಮಸುಕಾದ ಅಕ್ಷರವನ್ನು ದಪ್ಪಗೆ ಬರೆದರೆ ಓದಲಾದೀತೇ? ಒಳಗಿನವರಿಗೆ ಅರ್ಥವಾಗದ ಸದ್ದು ಹೊರಗಿನವರ ನಿದ್ದೆಯನ್ನು ಮಾತ್ರ ಕೆಡಿಸುತ್ತದೆ. ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸಿವೆ. ವಾಸದ ಪ್ರದೇಶಗಳಿಗೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯನ್ನೂ ಇಟ್ಟಿವೆ. ಕಾನೂನು ಹಾಗಿರಲಿ. ಇಅ್‌ತಿಕಾಫ್‌ನಲ್ಲಿದ್ದ ಪ್ರವಾದಿ(ಸ) ಮಸೀದಿಯಲ್ಲಿ ಕೆಲವರು ಗಟ್ಟಿಯಾಗಿ ಓದುತ್ತಿರುವುದನ್ನು ಕೇಳಿ, ಪರದೆ ಸರಿಸಿ, ಓದುವಾಗ ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂದು ತಿಳಿಹೇಳಿದ್ದು ಹದೀಸ್‌ಗಳಲ್ಲಿದೆ. ಕುರ್‌ಆನ್ ಓದುವವರೇ ಮತ್ತೊಬ್ಬ ಆರಾಧಕನಿಗೆ ತೊಂದರೆ ಕೊಡಬಾರದೆಂದಾದರೆ, ನಾಳೆ ಪರೀಕ್ಷೆ ಬರೆಯಬೇಕಾದ ಪಕ್ಕದ ಮನೆಯ ಮಗುವಿಗೆ, ಹಾಸಿಗೆ ಹಿಡಿದ ರೋಗಿಗೆ ನಾವು ಏನು ಉತ್ತರ ಕೊಡುವೆವು? ನಮ್ಮ ಧರ್ಮದ ಬಗ್ಗೆ ಏನನ್ನೂ ಓದದ ನೆರೆಯವನಿಗೆ ನಮ್ಮಿಂದ ತಲುಪುವ ಮೊದಲ ಸಂದೇಶ ಒಂದು ಅಸ್ಪಷ್ಟ ಗದ್ದಲವಾಗಿದ್ದರೆ, ಆ ನಷ್ಟವನ್ನು ಯಾವ ಪುಸ್ತಕ ಹಂಚಿ ತುಂಬುವೆವು?

ಮಾಡಬಹುದಾದದ್ದು

ದೂರುವುದು ಸುಲಭ, ಆದುದರಿಂದ ಪರಿಹಾರವನ್ನೂ ಹೇಳುತ್ತೇನೆ. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ.

ಮಾತು, ಖುತ್ಬಾ ಮತ್ತು ಖಿರಾಅತ್‌ನ ಮೈಕ್‌ಗಳ ಸಾಲಿನಲ್ಲಿ ಎಫೆಕ್ಟ್ ನಾಬ್ ಸೊನ್ನೆಯಲ್ಲಿರಲಿ. ಹಾಡಿಗೆ ಬೇರೆಯೇ ಒಂದು ಮೈಕ್ ಇಟ್ಟರೆ ಮರೆವಿನ ಪ್ರಶ್ನೆಯೇ ಬರುವುದಿಲ್ಲ.

ಮೈಕ್‌ನಿಂದ ಬಾಯಿಗೆ ನಾಲ್ಕು ಬೆರಳಿನಷ್ಟು ಅಂತರವಿರಲಿ, ಅದು ಆಗಾಗ ಬದಲಾಗದಿರಲಿ. ದೂರ ಅರ್ಧವಾದರೆ ಮೈಕ್‌ಗೆ ಸಿಗುವ ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಅಷ್ಟರಮಟ್ಟಿಗೆ ಗೇನ್ ತಗ್ಗಿಸಬಹುದು, ಮೈಕ್ ಕೂಗುವುದೂ ತಗ್ಗುತ್ತದೆ. ಮೈಕ್‌ನ ತಲೆಯನ್ನು ಮುಷ್ಟಿಯಲ್ಲಿ ಹಿಡಿಯುವ ಅಭ್ಯಾಸವನ್ನು ನಮ್ಮ ಭಾಷಣಕಾರರು ಬಿಡಬೇಕು. ಕೂಗುವುದು ಹೆಚ್ಚಾಗಿ ಅದರಿಂದಲೇ. ಮಾತನಾಡುವವರ ಮೈಕ್ ಒಂದನ್ನು ಬಿಟ್ಟು ಉಳಿದವುಗಳನ್ನು ಮುಚ್ಚಿಡಬೇಕು. ತೆರೆದ ಮೈಕ್‌ಗಳ ಸಂಖ್ಯೆ ಎರಡರಷ್ಟಾದಂತೆಲ್ಲ ಕೂಗಾಟ ಬೇಗ ಆರಂಭವಾಗುತ್ತದೆ. ತಗ್ಗು ಧ್ವನಿಯನ್ನು ಕತ್ತರಿಸುವ ಗುಂಡಿ ಯಂತ್ರದಲ್ಲಿದ್ದರೆ ಅದನ್ನು ಒತ್ತಿಡಬೇಕು. ಗಾಳಿಯ ಬುಸುಗು, ಮೇಜಿನ ದಡಬಡ ಇಲ್ಲವಾಗುತ್ತದೆ.

ಸ್ತ್ರೀಯರ ವಿಭಾಗಕ್ಕೆ ಮಿಕ್ಸರ್‌ನ ಆಕ್ಸ್ ದಾರಿಯಿಂದ ಪ್ರತ್ಯೇಕ ತಂತಿ ಎಳೆಯಲಿ. ಆಗ ಅಲ್ಲಿನ ಶಬ್ದವನ್ನು ಹೊರಗಿನ ಬಾಕ್ಸ್‌ಗಳಿಗೆ ಕಟ್ಟುಬೀಳದೆ ಸರಿಪಡಿಸಬಹುದು. ದೊಡ್ಡ ಎರಡು ಬಾಕ್ಸ್‌ಗಳ ಬದಲು ಸಣ್ಣ ನಾಲ್ಕನ್ನು ಶ್ರೋತೃಗಳ ಹತ್ತಿರವಿಟ್ಟು ಮೆಲ್ಲಗೆ ನುಡಿಸಿದರೆ ಗುಂಗು ಕಡಿಮೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಇನ್ನೂ ಕಡಿಮೆ. ಸೇಬಿನ್‌ರ ಮೆತ್ತೆಗಳು ಮಾಡಿದ ಕೆಲಸವನ್ನು ನಮ್ಮ ಮುಸಲ್ಲಾಗಳೂ ಮಾಡುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಯಕ್ರಮ ಆರಂಭವಾಗುವ ಮುನ್ನ ಒಂದು ಪರೀಕ್ಷೆ ನಡೆಯಲಿ. "ಹಲೋ, ಮೈಕ್ ಟೆಸ್ಟಿಂಗ್" ಎಂಬುದು ಪರೀಕ್ಷೆಯಲ್ಲ. ಒಬ್ಬ ಹುಡುಗ ವೇದಿಕೆಯಿಂದ ಹತ್ತು ಪದಗಳನ್ನು ಓದಲಿ: ಬೇಕು, ಬಾರದು, ಸಾಲ, ಶಾಲೆ, ದಾನ, ಧ್ಯಾನ... ಸ್ತ್ರೀಯರ ವಿಭಾಗದ ಕೊನೆಯ ಸಾಲಿನಲ್ಲಿ ಕುಳಿತ ಒಬ್ಬ ವಯಸ್ಸಾದ ತಾಯಿ ಅದನ್ನು ಕೇಳಿ ಮರಳಿ ಹೇಳಲಿ. ಹತ್ತಕ್ಕೆ ಹತ್ತು ಸರಿಯಾದರೆ ಮಾತ್ರ ಸಭೆ ಶುರುವಾಗಲಿ. ಆಪರೇಟರ್‌ಗೆ ಬಾಡಿಗೆ ಕೊಡುವಾಗ ಸದ್ದಿನ ಅಬ್ಬರವನ್ನು ನೋಡದೆ ಈ ಹತ್ತು ಪದಗಳನ್ನು ನೋಡಿ ಕೊಡಲಿ. ಅವನನ್ನು ಕೂಲಿಯವನಂತೆ ಕಾಣದೆ ಮುಬಲ್ಲಿಗನಂತೆ ಗೌರವಿಸಲಿ.

ಚಿಕ್ಕಮ್ಮನ ಸಂಗತಿ ಏನಾಯಿತೆಂದು ನೀವು ಕೇಳಬಹುದು. ಮರುದಿನ ಅಸರ್ ನಮಾಝ್ ಬಳಿಕ ನಾನು ಆ ವಿದ್ವಾಂಸರಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದೆ. ಅವರು ಬಹಳ ನೊಂದುಕೊಂಡರು. "ಫೋನನ್ನು ಅವರ ಕೈಗೆ ಕೊಡಿ" ಎಂದರು. ಉಮ್ಮ ಮತ್ತು ಚಿಕ್ಕಮ್ಮ ಕಿವಿಗೆ ಕಿವಿ ತಾಗಿಸಿ ಕೇಳಿದರು. ಎರಡೇ ನಿಮಿಷ. "ನಿಮ್ಮ ಹಕ್ಕು ಹೋಗುವುದಿಲ್ಲ ಉಮ್ಮ. ಹೋಗುವುದಿಲ್ಲ" ಎಂದು ಅವರು ಎರಡು ಬಾರಿ ಹೇಳಿದ್ದು ಬದಿಯಲ್ಲಿ ನಿಂತ ನನಗೂ ಕೇಳಿಸಿತು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ದೊಡ್ಡ ಬಾಕ್ಸ್‌ಗಳಿಂದ ಆಗದ ಕೆಲಸ ಒಂದು ಹಳೆಯ ಫೋನಿನ ಕ್ಷೀಣ ದನಿಯಿಂದ ಆಯಿತು. ಪಾಲಿನ ಮಾತು ಈಗ ಕುಟುಂಬದಲ್ಲಿ ಮತ್ತೆ ಆರಂಭವಾಗಿದೆ.

ಆದರೆ ಅಂದು ರಾತ್ರಿ ಆ ಕೋಣೆಯಲ್ಲಿ ಇನ್ನೂ ಎಷ್ಟೋ ಸ್ತ್ರೀಯರಿದ್ದರು. 'ಹೋಗುತ್ತದೆ' ಎಂದು ಕೇಳಿಸಿಕೊಂಡು ಮನೆಗೆ ಹೋದವರು ಅವರಲ್ಲಿ ಎಷ್ಟು ಮಂದಿಯೋ. ಅವರಿಗೆ ಯಾರು ಫೋನ್ ಮಾಡುತ್ತಾರೆ?

ಸತ್ಯವನ್ನು ಸ್ಪಷ್ಟವಾಗಿ ಹೇಳುವ ನಾಲಗೆಯನ್ನೂ, ಹೇಳಿದ್ದನ್ನು ಕೆಡಿಸದೆ ತಲುಪಿಸುವ ಕೈಗಳನ್ನೂ ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.